ಮನೆಗೊಂದು ಟ್ರೆಡ್‌ಮಿಲ್

ಮಳೆಗಾಲದಲ್ಲಿ ನಡಿಗೆ ತಪ್ಪುತ್ತದೆಂದು ನಮ್ಮಲ್ಲಿ ಕೆಲವರು ಟ್ರೆಡ್‌ಮಿಲ್ ಕೊಳ್ಳಲು ಹೊರಟಿದ್ದೇವೆ. ಅಂಗಡಿಯವರು ಮೊದಲು ಹೇಳುವುದು ಮೋಟಾರಿನ 'ಪೀಕ್' ಅಶ್ವಶಕ್ತಿ. ಅದು ಕ್ಷಣಮಾತ್ರದ ಬಲ. ನಾವು ಕೇಳಬೇಕಾದದ್ದು ನಿರಂತರ ಅಶ್ವಶಕ್ತಿ. ನಡೆಯುವವರಿಗೆ 2 ಸಾಕು, ಓಡುವವರಿಗೆ 3 ಇದ್ದರೆ ಒಳ್ಳೆಯದು. ಹತ್ತಿ ನಡೆದು ನೋಡದೆ ಹಣ ಕೊಡುವುದು ಬೇಡ, ಅದರಲ್ಲಿ ಸಂಕೋಚವೇನು?

ಬೆಲೆಗಿಂತ ದೊಡ್ಡ ಮಾತು ಮನೆಯ ಮಕ್ಕಳದ್ದು. 2021ರಲ್ಲಿ ಅಮೆರಿಕದಲ್ಲಿ ಮಗುವೊಂದು ಯಂತ್ರದಡಿ ಸಿಕ್ಕಿ ತೀರಿಕೊಂಡ ಮೇಲೆ ಪೆಲೋಟನ್ ಕಂಪನಿ ಸುಮಾರು 1,25,000 ಟ್ರೆಡ್‌ಮಿಲ್‌ಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಆದ್ದರಿಂದ ಸುರಕ್ಷಾ ಕೀಲಿ ಇರುವ ಯಂತ್ರವನ್ನೇ ಆರಿಸೋಣ. ನಡಿಗೆ ಮುಗಿದೊಡನೆ ಕೀಲಿ ತೆಗೆದು ಮಕ್ಕಳ ಕೈಗೆಟಕದಲ್ಲಿಡೋಣ. ಯಂತ್ರದ ಹಿಂದೆ 2 ಮೀಟರ್ ಜಾಗ ಖಾಲಿ ಇರಲಿ. ಗೋಡೆಗೆ ತಾಗಿಸಿಟ್ಟರೆ ಜಾರಿದವರು ಬೆಲ್ಟಿಗೂ ಗೋಡೆಗೂ ನಡುವೆ ಸಿಕ್ಕಿಬೀಳುತ್ತಾರೆ.