ಸೊಪ್ಪಿನ ಬೆಟ್ಟದ ಹಕ್ಕೂ ಅದರ ಋಣವೂ

ಮಲೆನಾಡಿನ ಅಡಕೆಯ ತೋಟವು ಕಣಿವೆಯಲ್ಲಿದ್ದರೂ ಅದರ ಬೇರು ಬೆಟ್ಟದಲ್ಲಿದೆಯೆಂದು ಹೇಳಿದರೆ ತಪ್ಪಾಗಲಾರದು. ತೋಟಕ್ಕೆ ಹೊದಿಸುವ ಹಸಿಸೊಪ್ಪು, ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸುವ ದರಕು, ಅಡಕೆ ಬೇಯಿಸುವ ಒಲೆಯ ಕಟ್ಟಿಗೆ, ಬೇಲಿಯ ಗೂಟ, ಬೇಸಗೆಯಲ್ಲಿ ತೋಟದ ಕಾಲುವೆಗೆ ಇಳಿದು ಬರುವ ನೀರು, ಇವೆಲ್ಲವೂ ಬೆಟ್ಟದಿಂದಲೇ ದೊರೆಯತಕ್ಕವು. ಇದನ್ನರಿತೇ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ಸೀಮೆಯಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯ ವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿಯು ಬ್ರಿಟಿಷರ ಆಳಿಕೆಯ ಕಾಲದಲ್ಲಿಯೇ ನೆಲೆಗೊಂಡಿತು. ಶಿವಮೊಗ್ಗ ಜಿಲ್ಲೆಯ ಮಲೆನಾಡಿನಲ್ಲಿಯೂ ಇಂತಹ ಬೆಟ್ಟಗಳುಂಟು. ಭೂಮಿಯ ಒಡೆತನ ಸರ್ಕಾರದ್ದು. ಸೊಪ್ಪು ದರಕುಗಳ ಅನುಭೋಗದ ಹಕ್ಕು ತೋಟಿಗರದು.

ಹಕ್ಕನ್ನು ಕುರಿತು ಆಗುವಷ್ಟು ಚರ್ಚೆಯು ಬೆಟ್ಟದ ಆರೋಗ್ಯವನ್ನು ಕುರಿತು ಆಗುತ್ತಿಲ್ಲವೆಂಬುದು ಶೋಚನೀಯವಾದ ಸಂಗತಿ. ಒಂದೇ ಗುಡ್ಡದ ಎರಡು ಮಗ್ಗುಲುಗಳಲ್ಲಿ, ಒಂದೇ ಮಣ್ಣು ಒಂದೇ ಮಳೆಯಿದ್ದರೂ, ಒಬ್ಬನ ಬೆಟ್ಟದಲ್ಲಿ ಮತ್ತಿ, ಹೊನ್ನೆ, ನಂದಿ, ನೇರಳೆಗಳು ತಲೆ ಕೂಡಿ ನಿಂತಿರುವುದನ್ನೂ, ಇನ್ನೊಬ್ಬನ ಬೆಟ್ಟದಲ್ಲಿ ಕೈಕಾಲು ಕಡಿದ ಕಂಬಗಳಂತೆ ಅಲ್ಲೊಂದು ಇಲ್ಲೊಂದು ಮರ ಉಳಿದು ನಡುವೆ ಲಂಟಾನದ ಪೊದೆ ಹಬ್ಬಿರುವುದನ್ನೂ ನೋಡಬಹುದು. ಈ ಭೇದಕ್ಕೆ ದೈವವು ಕಾರಣವಲ್ಲ, ಕತ್ತಿಯೇ ಕಾರಣ.

ಎಲೆಯೆಂಬುದು ಮರದ ಅಡಿಗೆಮನೆ. ಬೇರು ಸೆಳೆದ ನೀರೂ ಗಾಳಿಯಿಂದ ಪಡೆದ ಅಂಗಾರಾಮ್ಲವೂ ಬಿಸಿಲಿನ ಬಲದಿಂದ ಅಲ್ಲಿಯೇ ಆಹಾರವಾಗಿ ಮಾರ್ಪಡುತ್ತವೆ. ಎಲೆಯನ್ನೆಲ್ಲ ಬೋಳಿಸಿದ ಮರವು ಕೂಡಿಟ್ಟ ಗಂಟನ್ನು ಖರ್ಚು ಮಾಡಿ ಮತ್ತೆ ಚಿಗುರುತ್ತದೆ. ವರ್ಷವರ್ಷವೂ ಹೀಗೆಯೇ ನಡೆದರೆ ಗಂಟು ಬರಿದಾಗಿ ಗೆಲ್ಲು ಒಣಗುತ್ತದೆ, ಕಾಂಡದೊಳಕ್ಕೆ ಹುಳುವೂ ಬೂಷ್ಟೂ ಸೇರುತ್ತವೆ. ಹೂಕಾಯಿಗಳಿಲ್ಲದ ಮರದಡಿಯಲ್ಲಿ ಹೊಸ ಸಸಿಯು ಹುಟ್ಟುವುದೆಂತು?

ಆದುದರಿಂದ ಸೊಪ್ಪು ಕೊಯ್ಯುವುದರಲ್ಲಿ ಕ್ರಮವಿರಬೇಕು. ಬೆಟ್ಟವನ್ನು ಮೂರು ಪಾಲು ಮಾಡಿ ವರ್ಷಕ್ಕೊಂದು ಪಾಲಿನಲ್ಲಿ ಮಾತ್ರ ಕೊಯ್ದರೆ ಪ್ರತಿಯೊಂದು ಮರಕ್ಕೂ ಎರಡು ವರ್ಷಗಳ ವಿಶ್ರಾಂತಿ ಸಿಕ್ಕುತ್ತದೆ. ಕೊಯ್ಯುವ ಮರದಲ್ಲಿಯೂ ಮೇಲಣ ಮೂರನೆಯ ಒಂದು ಭಾಗವನ್ನು ಮುಟ್ಟತಕ್ಕದ್ದಲ್ಲ. ಯುಗಾದಿಯ ಹೊತ್ತಿಗೆ ಬರುವ ಎಳೆಯ ಚಿಗುರನ್ನು ಕೊಯ್ಯುವುದು ಹಸುಗೂಸಿನ ಬಾಯಿಂದ ಹಾಲು ಕಸಿದಂತೆ. ಗೆಲ್ಲನ್ನು ತೆಗೆಯಬೇಕಾದಲ್ಲಿ ಮೊದಲು ಅಡಿಯಿಂದ ಒಂದು ಕಚ್ಚು ಹಾಕಿ, ಅನಂತರ ಮೇಲಿನಿಂದ ಹರಿತವಾದ ಕತ್ತಿಯಿಂದ ಕಡಿದರೆ ತೊಗಟೆ ಸೀಳದು. ಗೆಲ್ಲಿನ ಬುಡದ ಉಬ್ಬನ್ನು ಉಳಿಸಿದರೆ ಗಾಯವು ಬೇಗ ಮುಚ್ಚುವುದು.

ಸೊರಗಿದ ಮರಕ್ಕೆ ಬಂದಳಿಕೆಯು ಎರಡನೆಯ ಶತ್ರು. ಅದರ ಹಣ್ಣನ್ನು ತಿಂದ ಸಣ್ಣ ಹಕ್ಕಿಗಳು ಅಂಟುಬೀಜವನ್ನು ಗೆಲ್ಲಿನಿಂದ ಗೆಲ್ಲಿಗೆ ಒಯ್ಯುತ್ತವೆ. ಬಂದಳಿಕೆಯನ್ನು ಮಾತ್ರ ಕಿತ್ತರೆ ಸಾಲದು. ಅದರ ಬೇರು ಗೆಲ್ಲಿನೊಳಗೆ ಉಳಿದು ಪುನಃ ಚಿಗುರುವುದು. ಹಣ್ಣಾಗುವುದಕ್ಕೆ ಮೊದಲೇ, ಅದು ಹಿಡಿದ ಜಾಗಕ್ಕಿಂತ ಒಂದು ಮೊಳ ಕಾಂಡದ ಕಡೆಗೆ ಸರಿದು ಗೆಲ್ಲನ್ನೇ ಕಡಿಯಬೇಕು.

ದರಕು ಗುಡಿಸುವುದರಲ್ಲಿಯೂ ಮಿತಿಯುಂಟು. ನೆಲವನ್ನು ಕಸಬರಿಕೆಯಿಂದ ಗುಡಿಸಿದ ಅಂಗಳದಂತೆ ಮಾಡಿದರೆ ಜೂನ್ ತಿಂಗಳಿನಿಂದ ಸೆಪ್ಟೆಂಬರ್ ವರೆಗಿನ ಬಿರುಮಳೆಯು ಮೇಲುಮಣ್ಣನ್ನು ಕೊಚ್ಚಿಕೊಂಡು ಹಳ್ಳಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಒಂದಿಷ್ಟು ಎಲೆ ಉಳಿದರೆ ನೀರು ನಿಧಾನವಾಗಿ ಇಂಗಿ, ಮಾರ್ಚ್ ತಿಂಗಳಿನಲ್ಲಿ ತೋಟದ ತಲೆಯ ಒರತೆಯಲ್ಲಿ ಕಾಣಿಸಿಕೊಳ್ಳುತ್ತದೆ. ಒರತೆ ಬತ್ತಿತೆಂದು ಕೊಳವೆಬಾವಿ ತೋಡಿಸುವವನು, ತನ್ನ ಬೆಟ್ಟದ ನೆಲವನ್ನು ಒಮ್ಮೆ ಬಗ್ಗಿ ನೋಡುವುದು ಲೇಸು. ಚಳಿಗಾಲ ಮುಗಿಯುವುದರೊಳಗೆ ಎಲ್ಲೆಯ ಸುತ್ತ ಬೆಂಕಿದಾರಿಯನ್ನು ಸವರಿಟ್ಟರೆ ಉಳಿದ ಎಲೆಗೆ ಬೆಂಕಿಯ ಭಯವೂ ಕಡಿಮೆಯಾಗುವುದು.

ಇದಕ್ಕೆ ತೋಟಿಗರು ಹೇಳುವ ಆಕ್ಷೇಪಣೆಗಳು ತಳ್ಳಿಹಾಕತಕ್ಕವಲ್ಲ. ಸೊಪ್ಪು ಕೊಯ್ಯಬಲ್ಲ ಆಳುಗಳು ಸಿಕ್ಕುವುದೇ ದುರ್ಲಭ. ಸಿಕ್ಕಿದ ದಿನ ಕೈಗೆ ಎಟುಕಿದ್ದನ್ನೆಲ್ಲ ಕೊಯ್ಯಿಸುವ ಆತುರ ಸಹಜವೇ. ಅಣ್ಣತಮ್ಮಂದಿರು ಹಿಸ್ಸೆಯಾಗಿ ತೋಟ ಹಂಚಿಹೋದರೂ ಬೆಟ್ಟವು ಕೂಡಿಯೇ ಉಳಿದಲ್ಲಿ, ‘ನಾನು ಬಿಟ್ಟರೆ ಅವನು ಕೊಯ್ಯುವನು’ ಎಂಬ ಶಂಕೆಯಿಂದ ಎಲ್ಲರೂ ಮುಂದಾಗುವರು. ‘ನೆಲ ಸರ್ಕಾರದ್ದು, ನೆಟ್ಟರೆ ನಮಗೇನು?’ ಎಂಬ ಮಾತೂ ಕೇಳಬರುತ್ತದೆ. ಮೊದಲಿನದಕ್ಕೆ ಪಾಲುಪದ್ಧತಿಯೇ ಉತ್ತರ. ಬೆಟ್ಟದ ಒಂದೇ ಭಾಗದಲ್ಲಿ ಕೆಲಸ ನಡೆದರೆ ಓಡಾಟವೂ ಕೂಲಿಯೂ ಉಳಿಯುವುವು. ಎರಡನೆಯದಕ್ಕೆ ಹಿಸ್ಸೆಯ ಕಾಲದಲ್ಲಿಯೇ ಸರದಿಯನ್ನು ಕಾಗದದ ಮೇಲೆ ಬರೆದಿಡುವುದು ಉತ್ತರ. ಮೂರನೆಯದರಲ್ಲಿ ಸತ್ಯಾಂಶವಿದೆಯೆಂದು ಒಪ್ಪಬೇಕು. ನೆಟ್ಟವನಿಗೆ ಫಲದ ಭರವಸೆ ದೊರೆತರೆ ಮಾತ್ರ ನೆಡುವ ಕೈ ಮುಂದಾಗುವುದೆಂಬುದನ್ನು ಅಧಿಕಾರಿಗಳೂ ಮರೆಯಲಾಗದು. ಆದರೆ ಸೊಪ್ಪೂ ನೀರೂ ಯಾರ ತೋಟಕ್ಕೆ ಇಳಿಯುತ್ತವೆಂಬುದನ್ನು ವಿಚಾರಿಸಿದರೆ, ಬೆಟ್ಟ ಬೋಳಾದಾಗ ಮೊದಲು ನಷ್ಟ ಹೊಂದುವವನು ತೋಟಿಗನೇ ಎಂಬುದು ಸ್ಪಷ್ಟವಾಗುವುದು.

ಬೋಳುಬೆಟ್ಟಕ್ಕೆ ಅಕೇಸಿಯವೊಂದನ್ನೇ ನೆಡುವುದು ಸುಲಭವಾದ ಹಾದಿಯಾಗಿ ತೋರಬಹುದು. ಅದು ಬೇಗ ಬೆಳೆದು ಸೌದೆ ಕೊಡುವುದು ನಿಜವೇ. ಆದರೆ ಅದರ ಎಲೆ ಬೇಗ ಕೊಳೆಯದು, ದನಗಳಿಗೆ ಮೇವೂ ಆಗದು. ಅದಕ್ಕಿಂತ ಇರುವ ಮತ್ತಿಯ ಬೊಡ್ಡೆಗಳಲ್ಲಿ ಏಳುವ ಚಿಗುರುಗಳ ಪೈಕಿ ಒಂದೆರಡನ್ನು ಉಳಿಸಿ ಬೆಳೆಸುವುದು, ತಾನಾಗಿ ಹುಟ್ಟಿದ ಸಸಿಗೆ ಗೂಟ ನೆಟ್ಟು ಗುರುತಿಡುವುದು, ಖಾಲಿ ಜಾಗದಲ್ಲಿ ಮುರುಗಲು, ಉಪ್ಪಾಗೆ, ವಾಟೆ, ಹಲಸು, ನೆಲ್ಲಿಗಳನ್ನು ಮಿಶ್ರವಾಗಿ ನೆಡುವುದು ಹೆಚ್ಚು ಲಾಭಕರವು. ಇವು ಸೊಪ್ಪಿನೊಡನೆ ಹಣ್ಣನ್ನೂ ಹುಳಿಯನ್ನೂ ಕೊಡತಕ್ಕವು.

ಹಿಂದಿನವರು ಒಂದು ತೋಟಕ್ಕೆ ಒಂಬತ್ತು ಪಾಲು ಬೆಟ್ಟವನ್ನು ಕೇಳಿ ಪಡೆದರು. ಅದು ಬರಿಯ ಆಸ್ತಿಯಲ್ಲ, ಮುಂದಣ ತಲೆಗೆ ತೀರಿಸಬೇಕಾದ ಸಾಲವೂ ಹೌದು. ಈ ಮಳೆಗಾಲದಲ್ಲಿ ಪ್ರತಿಯೊಬ್ಬ ತೋಟಿಗನೂ ತನ್ನ ಬೆಟ್ಟದ ಒಂದು ಪಾಲಿಗಾದರೂ ಕತ್ತಿಯನ್ನು ಒಯ್ಯದೆ ಬಿಟ್ಟರೆ, ಆ ಸಾಲದ ಮೊದಲ ಕಂತು ಸಂದಂತಾಗುವುದು.