ಮೈಲೇಜು ಬಾಯಲ್ಲಿ ಬೇಡ, ಪುಸ್ತಕದಲ್ಲಿರಲಿ

ಈ ಸಲ ಅಡಿಕೆ ಎಷ್ಟಾಯಿತು ಅಂತ ಯಾರಾದರೂ ಕೇಳಿದರೆ ನಾವು ಕೃಷಿಕರು ಸ್ವಲ್ಪ ಇಳಿಸಿಯೇ ಹೇಳುವುದು. ಗಾಡಿಗೆ ಮೈಲೇಜು ಎಷ್ಟು ಸಿಗ್ತದೆ ಅಂತ ಕೇಳಿದರೆ ಮಾತ್ರ ಏರಿಸಿ ಹೇಳುತ್ತೇವೆ. ಈ ಎರಡೂ ಅಭ್ಯಾಸ ನನಗೂ ಇತ್ತು. ಮೊದಲನೆಯದರಿಂದ ಯಾರಿಗೂ ದೊಡ್ಡ ನಷ್ಟ ಆಗಲಿಕ್ಕಿಲ್ಲ. ಎರಡನೆಯದರಿಂದ ನಮ್ಮೂರಿನ ಒಬ್ಬನಿಗೆ ನಷ್ಟ ಆಯಿತು. ಅದಕ್ಕೆ ಕಾರಣ ನಾನು. ಹಾಗಾಗಿ ಈ ಬರಹ.

2017ರಲ್ಲಿ ನಾನು ಏಳು ಸೀಟಿನ ದೊಡ್ಡ ಡೀಸೆಲ್ ಗಾಡಿಯೊಂದನ್ನು ಕೊಂಡೆ. ಮನೆಯಲ್ಲಿ ಆರು ಜನ, ಮದುವೆ ಉಪನಯನ ಅಂತ ತಿರುಗಾಟ ಇದ್ದೇ ಇದೆ, ಜೊತೆಗೆ ನಾಲ್ಕು ಗೋಣಿ ಹಿಂಡಿಯನ್ನೂ ಹಾಕಬಹುದು ಎಂಬುದು ನನ್ನ ಲೆಕ್ಕ. 2023ರಲ್ಲಿ ನೆರೆಯ ಯುವಕನೊಬ್ಬ ಬಂದ. ಎರಡೆಕ್ರೆ ತೋಟದವ. "ಅಣ್ಣ, ನಿಮ್ಮ ಗಾಡಿಗೆ ಎಷ್ಟು ಸಿಗ್ತದೆ?" ಅಂತ ಕೇಳಿದ. "ಹದಿನಾಲ್ಕಕ್ಕೆ ಮೋಸ ಇಲ್ಲ ಮಾರಾಯ" ಅಂದೆ. ಒಮ್ಮೆ ಬೆಂಗಳೂರಿನಿಂದ ಬರುವಾಗ ಹಾಸನದ ಹತ್ತಿರ ಗಾಡಿಯ ಪರದೆಯಲ್ಲಿ ಆ ಅಂಕಿ ಕಂಡಿತ್ತು. ಅದೇ ನನ್ನ ಬಾಯಲ್ಲಿ ಕೂತಿತ್ತು. ನನ್ನ ಮಾತು ನಂಬಿ ಅವನು ಸಾಲ ಮಾಡಿ ಅಂಥದ್ದೇ ದೊಡ್ಡ ಗಾಡಿ ತಂದ.

ಆರು ತಿಂಗಳು ಕಳೆದು ಪುನಃ ಬಂದ. "ಅಣ್ಣ, ನನ್ನದು ಹತ್ತು ದಾಟುವುದೇ ಇಲ್ಲ. ಎರಡು ಸಲ ಗ್ಯಾರೇಜಿಗೆ ಕೊಂಡುಹೋದೆ, ಏನೂ ದೋಷ ಇಲ್ಲ ಅಂತಾರೆ. ನಿಮ್ಮದಕ್ಕೆ ಹದಿನಾಲ್ಕು ಅಲ್ವಾ?" ನನ್ನಲ್ಲಿ ಉತ್ತರ ಇರಲಿಲ್ಲ. ಯಾಕೆಂದರೆ ಆ ತನಕ ನಾನು ಒಮ್ಮೆಯೂ ಸರಿಯಾಗಿ ಲೆಕ್ಕ ಹಾಕಿರಲಿಲ್ಲ. ದೋಷ ಅವನ ಗಾಡಿಯಲ್ಲಿ ಇರಲಿಲ್ಲ, ನನ್ನ ಬಾಯಲ್ಲಿತ್ತು.

ಒಂದು ವರ್ಷದ ಪುಸ್ತಕ

2024ರ ಜನವರಿಯಿಂದ ಡಿಸೆಂಬರ್ ತನಕ ಒಂದು ಪುಸ್ತಕ ಇಟ್ಟೆ. ಕ್ರಮ ಬಹಳ ಸುಲಭ. ಟ್ಯಾಂಕ್ ತುಂಬಿಸಿ, ಮೀಟರಿನ ಕಿಲೋಮೀಟರ್ ಬರೆದಿಡಬೇಕು. ಮುಂದಿನ ಸಲ ಅದೇ ಪಂಪಿನಲ್ಲಿ ಮತ್ತೆ ತುಂಬಿಸಬೇಕು. ಆಗ ಎಷ್ಟು ಲೀಟರ್ ಹಿಡಿಯಿತೋ ಅಷ್ಟು ಖರ್ಚಾಗಿದೆ ಎಂದರ್ಥ. ಓಡಿದ ಕಿಲೋಮೀಟರನ್ನು ಅದರಿಂದ ಭಾಗಿಸಿದರಾಯಿತು. ಡೀಸೆಲ್ ನೊರೆ ಬರುವ ಕಾರಣ ಪಂಪು ಮೊದಲ ಸಲ ತಾನಾಗಿ ನಿಂತಲ್ಲಿಗೇ ನಿಲ್ಲಿಸಬೇಕು. ಕತ್ತಿನ ತನಕ ತುಂಬಿಸಲು ಹೋದರೆ ಲೆಕ್ಕ ತಪ್ಪುತ್ತದೆ. ಒಂದು ಟ್ಯಾಂಕಿನ ಲೆಕ್ಕ ನಂಬಬಾರದು. ನಾಲ್ಕೈದು ಸಲದ್ದು ಒಟ್ಟು ಹಾಕಿದರೆ ನಿಜ ಸಂಗತಿ ಸಿಗುತ್ತದೆ. ದೂರ ಹೋಗುವ ಮೊದಲು ಮತ್ತು ಬಂದ ಕೂಡಲೇ ತುಂಬಿಸಿ ಆ ಲೆಕ್ಕವನ್ನು ಬೇರೆಯೇ ಇಟ್ಟೆ.

ವರ್ಷದ ಕೊನೆಗೆ ಸಿಕ್ಕಿದ್ದು ಹೀಗೆ. ಬೆಂಗಳೂರು, ಮೈಸೂರು ಕಡೆಯ ದೂರದ ಪ್ರಯಾಣ 3,960 ಕಿ.ಮೀ., ಡೀಸೆಲ್ 300 ಲೀಟರ್. ಅಂದರೆ ಲೀಟರಿಗೆ 13.2. ಊರೊಳಗಿನ ಓಡಾಟ 5,880 ಕಿ.ಮೀ., ಡೀಸೆಲ್ 612 ಲೀಟರ್, ಅಂದರೆ 9.6. ಎರಡೂ ಸೇರಿ 9,840 ಕಿ.ಮೀ.ಗೆ 912 ಲೀಟರ್, ಸರಾಸರಿ 10.8. ಜುಲೈಯ ಒಂದು ಟ್ಯಾಂಕಿಗೆ 8.7 ಮಾತ್ರ. ಗಾಡಿಯ ಪರದೆ ಮಾತ್ರ ವರ್ಷವಿಡೀ 12ರ ಮೇಲೆಯೇ ತೋರಿಸುತ್ತಿತ್ತು.

ಲೀಟರಿಗೆ 90 ರೂ. ಅಂತ ದುಂಡಗೆ ಹಿಡಿದರೆ ವರ್ಷದ ಡೀಸೆಲಿಗೆ 82,080 ರೂ. ನಾನು ಬಾಯಲ್ಲಿ ಹೇಳಿದ 14 ನಿಜವಾಗಿದ್ದರೆ ಸುಮಾರು 63,300 ಸಾಕಿತ್ತು. ವ್ಯತ್ಯಾಸ ಹೆಚ್ಚುಕಡಿಮೆ 18,800 ರೂ. ಸಣ್ಣ ತೋಟದವನಿಗೆ ಇದು ಮದ್ದು ಬಿಡುವ ಕೂಲಿಯ ಪ್ರಶ್ನೆ. ಸಾಲದ ಕಂತು ಕಟ್ಟುವವನಿಗೆ ಇನ್ನೂ ದೊಡ್ಡ ಪ್ರಶ್ನೆ.

ಕಂಪೆನಿಯ ಅಂಕಿ ಸುಳ್ಳಾ?

ಸುಳ್ಳಲ್ಲ. ಆದರೆ ಅದು ಪ್ರಯೋಗಾಲಯದ ಅಂಕಿ. ಪುಣೆಯ ಎ.ಆರ್.ಎ.ಐ. ಥರದ ಸಂಸ್ಥೆಗಳಲ್ಲಿ ಗಾಡಿಯನ್ನು ರೋಲರಿನ ಮೇಲೆ ನಿಲ್ಲಿಸಿ, ನಿಗದಿ ಮಾಡಿದ ಕ್ರಮದಲ್ಲಿ ಓಡಿಸಿ ಅಳೆಯುತ್ತಾರೆ. ನನ್ನ ಗಾಡಿ ಬಂದ ಕಾಲದ ಪರೀಕ್ಷೆ ಸುಮಾರು 20 ನಿಮಿಷದ್ದು. ವೇಗ ಗಂಟೆಗೆ 90 ಕಿ.ಮೀ. ಮೀರುವುದಿಲ್ಲ, ಎ.ಸಿ. ಹಾಕುವುದಿಲ್ಲ. ಚಡಾವು ಇಲ್ಲ, ಕೆಸರಿಲ್ಲ, ಹಿಂದಿನ ಸೀಟಿನಲ್ಲಿ ನೆಂಟರಿಲ್ಲ. ಒಂದು ಗಾಡಿಯನ್ನು ಇನ್ನೊಂದರೊಂದಿಗೆ ತೂಗಿ ನೋಡಲಿಕ್ಕೆ ಆ ಅಂಕಿ ಒಳ್ಳೆಯದೇ. ಯುರೋಪಿನವರೂ ಇಂಥದ್ದೇ ಹಳೆಯ ಪರೀಕ್ಷೆ ರಸ್ತೆಯ ವಾಸ್ತವಕ್ಕೆ ದೂರ ಅಂತ ಕಂಡು 2017ರಿಂದ ಹೊಸ ಕ್ರಮಕ್ಕೆ ಬದಲಾದರು.

ನಮಗೆ ಇದು ಹೊಸ ವಿಷಯವೇನೂ ಅಲ್ಲ. ಸಂಶೋಧನಾ ಕೇಂದ್ರದ ತಾಕಿನಲ್ಲಿ ಬಂದ ಇಳುವರಿ ನಮ್ಮ ತೋಟದಲ್ಲಿ ಬರುವುದಿಲ್ಲ ಅಂತ ನಮಗೆ ಗೊತ್ತು. ಹೊಸ ತಳಿಯ ಕಾಗದ ನೋಡಿ ಗಿಡ ನೆಡುವವರಲ್ಲ ನಾವು. ನೆಟ್ಟವರ ತೋಟಕ್ಕೆ ಹೋಗಿ ನೋಡಿ ಬರುತ್ತೇವೆ. ಗಾಡಿಯ ವಿಷಯದಲ್ಲೂ ನನ್ನ ನೆರೆಯವ ಹಾಗೆಯೇ ಮಾಡಿದ್ದ. ಕಾಗದ ನಂಬದೆ ನನ್ನನ್ನು ಕೇಳಿದ. ನಾನು ಕಾಗದಕ್ಕಿಂತಲೂ ಹೆಚ್ಚು ದಾರಿ ತಪ್ಪಿಸಿದೆ.

ನಮ್ಮ ರಸ್ತೆಯಲ್ಲಿ ಯಾಕೆ ಇಳಿಯುತ್ತದೆ?

ಮುಖ್ಯ ಕಾರಣ ಸಣ್ಣ ಓಡಾಟ. ನಮಗೆ ಪೇಟೆ 11 ಕಿ.ಮೀ., ಸೊಸೈಟಿ 3 ಕಿ.ಮೀ. ತಣ್ಣಗಿನ ಎಂಜಿನ್ ಹೆಚ್ಚು ಇಂಧನ ಕುಡಿಯುತ್ತದೆ. ಅದು ಸರಿಯಾಗಿ ಬಿಸಿಯಾಗುವಷ್ಟರಲ್ಲಿ ನಾವು ತಲುಪಿ ಆಗಿರುತ್ತದೆ. ಎರಡನೆಯದು ತೂಕ. ಇಂಥ ಗಾಡಿಗಳು ಖಾಲಿ ಇರುವಾಗಲೇ ಒಂದೂವರೆ ಟನ್ನಿಗಿಂತ ಹೆಚ್ಚು ತೂಗುತ್ತವೆ. ಮನೆಯಿಂದ ಡಾಮರು ರಸ್ತೆಗೆ ಬರುವ ಚಡಾವಿನಲ್ಲಿ ಅಷ್ಟನ್ನೂ ಮೊದಲ, ಎರಡನೇ ಗೇರಿನಲ್ಲಿ ಎಳೆಯಬೇಕು. ಮತ್ತೆ ಟಯರಿನ ಗಾಳಿ, ಎ.ಸಿ., ವರ್ಷವಿಡೀ ಮೇಲೆಯೇ ಇರುವ ಕ್ಯಾರಿಯರ್. ಹೆದ್ದಾರಿಯಲ್ಲಿ ವೇಗ. ಗಂಟೆಗೆ 80ರಿಂದ 100ಕ್ಕೆ ಏರಿಸಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ದೊಡ್ಡ ಗಾಡಿಯ ಎದುರು ಭಾಗ ಅಗಲ, ಹಾಗಾಗಿ ಅದಕ್ಕೆ ಪೆಟ್ಟು ಹೆಚ್ಚು.

ಹೊಸ ಗಾಡಿ ಕೊಳ್ಳುವವರಿಗೆ ಇನ್ನೊಂದು ಮಾತು. 2020ರ ಏಪ್ರಿಲ್ 1ರಿಂದ ಬಿ.ಎಸ್.-6 ನಿಯಮ ಬಂತು. ಆ ಬಳಿಕದ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಸೋಸಕ ಇರುತ್ತದೆ. ಅದರಲ್ಲಿ ಸೇರಿದ ಮಸಿ ಆಗಾಗ ಸುಟ್ಟುಹೋಗಬೇಕು. ಸುಡಬೇಕಾದರೆ ಹೊಗೆ ಚೆನ್ನಾಗಿ ಬಿಸಿಯಾಗಬೇಕು, ಅಂದರೆ ಒಂದಷ್ಟು ಹೊತ್ತು ನಿಲ್ಲಿಸದೆ ಒಂದೇ ಹದ ವೇಗದಲ್ಲಿ ಓಡಬೇಕು. ಸೊಸೈಟಿಗೆ ಹೋಗಿ ಬರುವ ಗಾಡಿಗೆ ಆ ಭಾಗ್ಯ ಇಲ್ಲ. ಮಸಿ ಕಟ್ಟಿ ದೀಪ ಹತ್ತುತ್ತದೆ. ಸುಡುವ ಕೆಲಸಕ್ಕೂ ಡೀಸೆಲ್ ಬೇಕು. ನೆರೆಯವನ ಗಾಡಿ ನನ್ನದಕ್ಕಿಂತ ಹೊಸತಾಗಿದ್ದೂ ಕಡಿಮೆ ಕೊಡುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅಂದಾಜು. ಹೊಗೆ ಕಡಿಮೆಯಾದದ್ದು ಎಲ್ಲರಿಗೂ ಒಳ್ಳೆಯದೇ. ಆದರೆ ದಿನಕ್ಕೆ ಆರು ಕಿಲೋಮೀಟರ್ ಓಡಿಸುವವನಿಗೆ ಈ ಯಂತ್ರ ಹೇಳಿಸಿದ್ದಲ್ಲ.

ಡೀಸೆಲ್ ಅಗ್ಗ ಎಂಬ ಹಳೆಯ ನಂಬಿಕೆ

ನಮ್ಮಲ್ಲಿ ಹಲವರು ಈಗಲೂ "ಡೀಸೆಲ್ ಅಲ್ವಾ, ಖರ್ಚು ಕಡಿಮೆ" ಅನ್ನುತ್ತಾರೆ. ಅದು ಒಂದು ಕಾಲದ ಸತ್ಯ. 2012ರ ಮಧ್ಯದಲ್ಲಿ ಪೆಟ್ರೋಲಿಗೂ ಡೀಸೆಲಿಗೂ ಲೀಟರಿಗೆ 25 ರೂ.ಗಿಂತ ಹೆಚ್ಚು ಅಂತರವಿತ್ತು. 2013ರ ಜನವರಿಯಿಂದ ತಿಂಗಳಿಗೆ ಐವತ್ತು ಪೈಸೆಯ ಹಾಗೆ ಏರಿಸುತ್ತಾ ಬಂದು, 2014ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಡೀಸೆಲ್ ಬೆಲೆಯ ಮೇಲಿನ ಹಿಡಿತ ಬಿಟ್ಟಿತು. 2025ರ ಏಪ್ರಿಲಿನಲ್ಲಿ ರಾಜ್ಯದ ತೆರಿಗೆ ಏರಿದ ಬಳಿಕ ಬೆಂಗಳೂರಿನಲ್ಲಿ ಡೀಸೆಲ್ ಸುಮಾರು 91, ಪೆಟ್ರೋಲ್ ಸುಮಾರು 103 ಆಯಿತು. ಅಂತರ ಅರ್ಧಕ್ಕೂ ಕೆಳಗೆ ಇಳಿಯಿತು, ನಂಬಿಕೆ ಮಾತ್ರ ಹಾಗೆಯೇ ಉಳಿಯಿತು.

ಡೀಸೆಲ್ ಎಂಜಿನ್ ಮಿತವ್ಯಯದ್ದು ಎಂಬುದು ನಿಜ. ಒಂದು ಲೀಟರ್ ಡೀಸೆಲಿನಲ್ಲಿ ಪೆಟ್ರೋಲಿಗಿಂತ ಹತ್ತು ಶೇಕಡಾದಷ್ಟು ಹೆಚ್ಚು ಶಕ್ತಿಯಿದೆ, ಎಂಜಿನ್ ಅದನ್ನು ಚೆನ್ನಾಗಿ ಬಳಸುತ್ತದೆ ಕೂಡಾ. ಆದರೆ ಆ ಉಳಿತಾಯವನ್ನು ನಾವು ದೊಡ್ಡ ಗಾತ್ರಕ್ಕೆ ಕೊಟ್ಟು ಕೈ ತೊಳೆದುಕೊಳ್ಳುತ್ತೇವೆ. ನನ್ನ ಭಾವನವರ ಸಣ್ಣ ಪೆಟ್ರೋಲ್ ಕಾರು ಇದೇ ರಸ್ತೆಯಲ್ಲಿ ಲೀಟರಿಗೆ 15 ಕೊಡುತ್ತದೆ. 103 ರೂ.ಯಂತೆ ಕಿಲೋಮೀಟರಿಗೆ 6 ರೂ. 87 ಪೈಸೆ. ನನ್ನದು 90 ರೂ.ಯಂತೆಯೂ 8 ರೂ. 34 ಪೈಸೆ. ಲೀಟರಿಗೆ ಅಗ್ಗವಾದದ್ದು ಕಿಲೋಮೀಟರಿಗೆ ಅಗ್ಗ ಆಗಬೇಕೆಂದಿಲ್ಲ.

ಎಷ್ಟು ಜನ ಕೂತರು?

ಪುಸ್ತಕದಲ್ಲಿ ಇನ್ನೊಂದು ಕಲಮು ಇಟ್ಟಿದ್ದೆ: ಗಾಡಿಯಲ್ಲಿ ಎಷ್ಟು ಜನ. ನಾನು ಕಲಿತದ್ದು ಹೆಚ್ಚು ಇದರಿಂದಲೇ. ವರ್ಷದಲ್ಲಿ ಗಾಡಿ ಹೊರಟದ್ದು 286 ಸಲ. ನಾಲ್ಕಕ್ಕಿಂತ ಹೆಚ್ಚು ಜನ ಇದ್ದದ್ದು 23 ಸಲ. ನಾನೊಬ್ಬನೇ ಹೋದದ್ದು 148 ಸಲ. ಒಂದು ಚೀಲ ಸುಣ್ಣ ತರಲಿಕ್ಕೆ ಏಳು ಸೀಟು ತಿರುಗಿಸಿದ್ದೇನೆ.

ಡೀಸೆಲ್ ಅಲ್ಲದೆ ವಿಮೆ, ಸರ್ವಿಸು, ಟಯರಿನ ಪಾಲು ಸೇರಿ ವರ್ಷಕ್ಕೆ 45,000. ಕೊಂಡ ಬೆಲೆಗೂ ಈಗ ಕೇಳುವ ಬೆಲೆಗೂ ಇರುವ ವ್ಯತ್ಯಾಸವನ್ನು ವರ್ಷಗಳಿಗೆ ಹಂಚಿದರೆ ಇನ್ನೊಂದು 90,000. ಡೀಸೆಲ್ ಕೂಡಿಸಿದರೆ ಒಟ್ಟು 2,17,080. ಕಿಲೋಮೀಟರಿಗೆ 22 ರೂ. ನಮ್ಮಲ್ಲಿ ಬಾಡಿಗೆಗೆ ಸಿಗುವ ಏಳು ಸೀಟಿನ ಗಾಡಿಯೂ ಹೆಚ್ಚುಕಡಿಮೆ ಇಷ್ಟೇ ಕೇಳುತ್ತದೆ, ಚಾಲಕನನ್ನೂ ಸೇರಿಸಿ. ಆ 23 ಸಲ ಬಾಡಿಗೆ ಮಾಡಿ, ಉಳಿದದ್ದಕ್ಕೆ ಸಣ್ಣ ಕಾರೋ ಸ್ಕೂಟರೋ ಇಟ್ಟುಕೊಂಡಿದ್ದರೆ ನನಗೆ ಸಾಕಿತ್ತು.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. 2021ರ ಮಳೆಗಾಲದ ಒಂದು ರಾತ್ರಿ ಅಮ್ಮನಿಗೆ ಉಸಿರಾಟದ ತೊಂದರೆ ಆಯಿತು. ಬಾಡಿಗೆ ಗಾಡಿ ಸಿಗಲಿಲ್ಲ. ತೋಡಿನ ನೀರು ರಸ್ತೆಗೆ ಬಂದಿತ್ತು. ಹಿಂದಿನ ಸೀಟು ಮಡಚಿ ಹಾಸಿಗೆ ಹಾಸಿ ಮಲಗಿಸಿಕೊಂಡೇ ಆಸ್ಪತ್ರೆಗೆ ಮುಟ್ಟಿಸಿದೆವು. ಸಣ್ಣ ಕಾರು ಆ ನೀರು ದಾಟುತ್ತಿರಲಿಲ್ಲ. ಅಮ್ಮ ಈಗ ಚೆನ್ನಾಗಿದ್ದಾರೆ. ಹಾಗಾಗಿ ಈ ಗಾಡಿ ದಂಡ ಅಂತ ನಾನು ಹೇಳಲಾರೆ. ಅಂಥ ಕಾರಣ ಇದ್ದವರು, ಮನೆ ತುಂಬಾ ಜನ ಇದ್ದವರು, ದೂರದ ಓಡಾಟ ಇದ್ದವರು ಕೊಳ್ಳಲಿ. ಆದರೆ ಕಾರಣಕ್ಕೆ ಅದರದೇ ಹೆಸರು ಕೊಡೋಣ. ಧೈರ್ಯಕ್ಕೆ ಕೊಂಡೆ ಅನ್ನೋಣ, ಅಂತಸ್ತಿಗೆ ಕೊಂಡೆ ಅನ್ನೋಣ. ಮೈಲೇಜಿಗೆ ಕೊಂಡೆ ಅನ್ನುವುದು ಬೇಡ.

ಕೊಳ್ಳುವ ಯೋಚನೆ ಇರುವವರಿಗೆ ನನ್ನದು ಒಂದೇ ಸಲಹೆ. ಮೊದಲು ಮೂರು ತಿಂಗಳು ಪುಸ್ತಕ ಇಡಿ. ಎಲ್ಲಿಗೆ, ಎಷ್ಟು ದೂರ, ಎಷ್ಟು ಜನ, ಎಷ್ಟು ಸಾಮಾನು. ಈಗ ರಿಕ್ಷಾದಲ್ಲಿ, ಬಸ್ಸಿನಲ್ಲಿ ಹೋಗುತ್ತಿದ್ದರೂ ಬರೆಯಿರಿ. ಆಮೇಲೆ ಆ ಗಾಡಿ ಇರುವವರಲ್ಲಿಗೆ ಹೋಗಿ, ಮೈಲೇಜು ಎಷ್ಟು ಅಂತ ಕೇಳಬೇಡಿ. ಕಳೆದ ತಿಂಗಳು ಡೀಸೆಲಿಗೆ ಎಷ್ಟು ಕೊಟ್ಟಿರಿ, ಎಷ್ಟು ಓಡಿಸಿದಿರಿ ಅಂತ ಕೇಳಿ. ಇದಕ್ಕೆ ಉತ್ತರ ಇಲ್ಲದವರ ಅಂಕಿಗೆ ಬೆಲೆ ಇಲ್ಲ.

ಪುಸ್ತಕವನ್ನು ನೆರೆಯವನಿಗೆ ತೋರಿಸಿದೆ. ಪುಟ ತಿರುಗಿಸಿ ನೋಡಿ, "ಹಾಗಾದರೆ ನನ್ನ ಗಾಡಿ ಸರಿಯೇ ಇದೆ" ಅಂದ. ಬೇರೇನೂ ಹೇಳಲಿಲ್ಲ. ಬೈದಿದ್ದರೆ ನನಗೆ ಹಗುರ ಆಗುತ್ತಿತ್ತು. ಅವನಿಗೆ ಇನ್ನೂ ಮೂರು ವರ್ಷದ ಕಂತು ಬಾಕಿ ಇತ್ತು. ಈಗ ಪೇಟೆಗೆ ಹೋಗುವುದಿದ್ದರೆ ಹಿಂದಿನ ದಿನವೇ ಫೋನ್ ಮಾಡಿಕೊಳ್ಳುತ್ತೇವೆ, ಒಂದೇ ಗಾಡಿ ಹೊರಡುತ್ತದೆ. ಸೊಸೈಟಿಗೆ ನಾನು ಮಗನ ಹಳೆಯ ಸ್ಕೂಟರಿನಲ್ಲಿ ಹೋಗುತ್ತೇನೆ.

ನಿಮ್ಮಲ್ಲೂ ಇಂಥ ಗಾಡಿ ಇದ್ದರೆ ನಿಮ್ಮ ಪುಸ್ತಕದ ಲೆಕ್ಕವನ್ನು ಪತ್ರಿಕೆಗೆ ಬರೆಯಿರಿ. ಘಟ್ಟದ ಮೇಲಿನವರದ್ದು, ಕೆಳಗಿನವರದ್ದು, ಬಯಲುಸೀಮೆಯವರದ್ದು ಸೇರಿದರೆ ಮುಂದೆ ಕೊಳ್ಳುವವರಿಗೆ ಒಂದು ದಾರಿ ಸಿಗುತ್ತದೆ. ಬಾಯಿಲೆಕ್ಕ ಮಾತ್ರ ಬೇಡ. ಅದನ್ನು ನಾನು ಕೊಟ್ಟಾಗಿದೆ.