ಹುರುಪಿಗೆ ಕಾಯಬೇಡಿ, ಪಾಳಿ ಹಚ್ಚಿ

ಸೊಲ್ಲಾಪುರದ ಪೂರ್ವ ಭಾಗದಲ್ಲಿ ಬೀಡಿ ಕಟ್ಟುವ ಮನೆಗಳುಂಟು. ಅಲ್ಲಿ ಸಂಜೆ ಕಸ ಹೊಡೆಯಲು ಯಾರೂ ಹುರುಪಿಗಾಗಿ ಕಾಯುವುದಿಲ್ಲ. ಕತ್ತರಿಸಿದ ಬೀಡಿ ಎಲೆಯ ಚೂರು, ಮೊರದಿಂದ ಚೆಲ್ಲಿದ ತಂಬಾಕಿನ ಪುಡಿ, ದಾರದ ತುಂಡು ಎಲ್ಲವೂ ಹಗಲಿಡೀ ಕುಳಿತ ಜಾಗದ ಸುತ್ತ ಬಿದ್ದಿರುತ್ತವೆ. ರಾತ್ರಿಯ ಊಟ ಅದೇ ಜಾಗದಲ್ಲಿ, ಹಾಸಿಗೆಯೂ ಅಲ್ಲೇ. ಎಲೆ ಎತ್ತಿ, ಪುಡಿ ಗುಡಿಸಿ, ಒದ್ದೆ ಅರಿವೆಯಿಂದ ಒಮ್ಮೆ ಒರೆಸದ ಹೊರತು ಮಕ್ಕಳನ್ನು ಮಲಗಿಸುವಂತಿಲ್ಲ. ಈ ಊರಿನಲ್ಲಿ ಹತ್ತಾರು ಸಾವಿರ ಹೆಂಗಸರ ಹೊಟ್ಟೆಪಾಡು ಬೀಡಿ. ಕುಂಭಾರಿಯ ರಾಯನಗರದಲ್ಲಿ 2024ರ ಜನವರಿ 19ರಂದು ಪ್ರಧಾನಿ ಹಸ್ತಾಂತರಿಸಿದ 15,000 ಮನೆಗಳೂ ಬೀಡಿ ಕಟ್ಟುವವರು, ಮಗ್ಗದವರು, ಚಿಂದಿ ಆಯುವವರಂಥ ಕೂಲಿಕಾರರಿಗೆಂದೇ ಕಟ್ಟಿದವು. ಬೀಡಿ ಕಟ್ಟುವ ಮನೆಯ ಒಂದೇ ಕೋಣೆಗೆ ಮೂರು ಕೆಲಸ. ಒಂದು ಮುಗಿದು ಇನ್ನೊಂದು ಶುರುವಾಗುವ ನಡುವೆ ಕಸಬರಿಗೆ ಬಂದೇ ಬರುತ್ತದೆ.

ಈಗ ವಿಜಾಪುರ ರಸ್ತೆ, ಜುಳೆ ಸೊಲ್ಲಾಪುರದ ಕಡೆಯ ಫ್ಲ್ಯಾಟುಗಳಿಗೆ ಬನ್ನಿ. ಮಲಗಲು ಒಂದು ಕೋಣೆ, ಟಿವಿಗೆ ಒಂದು, ಬೇಡದ ಸಾಮಾನಿಗೆ ಒಂದು. ಯಾವ ಕೋಣೆಯಲ್ಲಿ ಏನು ಬಿದ್ದಿದ್ದರೂ ಬಾಗಿಲು ಎಳೆದುಕೊಂಡರೆ ಮುಗಿಯಿತು. “ದಿನಾ ದಿನಾ ಮಾಡಾಕ ಮನಸ್ಸ ಆಗೂದಿಲ್ರಿ” ಎಂಬ ಮಾತು ಹೆಚ್ಚು ಕೇಳಿಬರುವುದು ಇಂಥ ಮನೆಗಳಲ್ಲೇ. ಅದಕ್ಕೆ ಮದ್ದೆಂದು ಮೊಬೈಲಿನಲ್ಲಿ ವಿಡಿಯೊಗಳ ಸಾಲು: ಹತ್ತು ನಿಮಿಷದಲ್ಲಿ ಫಳಫಳಿಸುವ ಅಡುಗೆಮನೆ, ಬಣ್ಣಬಣ್ಣದ ಡಬ್ಬಿ, ಹಿನ್ನೆಲೆಯಲ್ಲಿ ಸಂಗೀತ. ನೋಡಿ ಎದ್ದವರಿಗೆ ಒಂದು ದಿನ ಹುರುಪು ಬರುತ್ತದೆ, ಮೂರನೆಯ ದಿನ ಇಳಿಯುತ್ತದೆ. ಮನೆ ಓರಣವಾಗಿಡುವುದನ್ನು ಜಗತ್ತಿಗೇ ಕಲಿಸಿದ ಜಪಾನಿನ ಮಾರಿ ಕೊಂಡೊ ಕೂಡ, ಮೂರನೆಯ ಮಗು ಹುಟ್ಟಿದ ಮೇಲೆ ಆ ಹಟವನ್ನು ಒಂದಿಷ್ಟು ಬಿಟ್ಟಿದ್ದೇನೆಂದು 2023ರಲ್ಲಿ ಒಪ್ಪಿಕೊಂಡರು. ಗುರುವಿಗೇ ಹೀಗಾದರೆ ವಿಜಾಪುರ ರಸ್ತೆಯ ಶಿಷ್ಯೆಯ ಪಾಡೇನು?

ಹುರುಪನ್ನು ನಂಬಿ ಮನೆ ನಡೆಸುವುದೇ ತಪ್ಪು ಲೆಕ್ಕ. ಸೊಲ್ಲಾಪುರ, ಪಕ್ಕದ ಅಕ್ಕಲಕೋಟೆಯ ಹಳೆಯ ಓಣಿಗಳಲ್ಲಿ ದಿನದ ಕಸ ಹೊರಹೋಗುವುದು ಬೇರೆ ಕಾರಣಕ್ಕೆ. ಹೊರಗಿನಿಂದ ಏನೋ ಒಂದು ಬಂದು ಅವಸರ ಮಾಡುತ್ತದೆ. ಎಲ್ಲಕ್ಕಿಂತ ಮೊದಲು ಘಂಟಾಗಾಡಿ. ನಗರಪಾಲಿಕೆಯ ಕಸದ ಗಾಡಿಗೆ ಮಹಾರಾಷ್ಟ್ರದಲ್ಲಿ ಇರುವ ಹೆಸರೇ ಅದು, ಇಲ್ಲಿನ ಕನ್ನಡದ ಮನೆಗಳೂ ಹಾಗೇ ಕರೆಯುತ್ತವೆ. ಓಣಿಯ ತಿರುವಿನಲ್ಲಿ ಅದರ ಸದ್ದು ಕೇಳಿಸಿತೋ ಇಲ್ಲವೋ, “ಯವ್ವಾ, ಗಾಡಿ ಬಂತು ನೋಡ” ಎಂಬ ಕೂಗು. ಗಾಡಿ ಹೋದರೆ ಹಸಿ ಕಸ ಮರುದಿನದವರೆಗೆ ಮನೆಯಲ್ಲೇ ನಾರಬೇಕು. ಮೇ ತಿಂಗಳಲ್ಲಿ 43 ಡಿಗ್ರಿ ದಾಟುವ ಊರಿದು. ಒಮ್ಮೆ ಆ ನಾತ ಸಹಿಸಿದವರು ಎರಡನೆಯ ಸಲ ಗಾಡಿ ತಪ್ಪಿಸಿಕೊಳ್ಳುವುದಿಲ್ಲ.

ಆಮೇಲೆ ನೀರು. ಭೀಮೆಗೆ ಕಟ್ಟಿದ ಉಜನಿ ಅಣೆಕಟ್ಟೆಯಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ ಕೊಳವೆಯಲ್ಲಿ ಬರುವ ನೀರು ಸೊಲ್ಲಾಪುರದ ನಲ್ಲಿಗಳಿಗೆ ವರ್ಷಗಟ್ಟಲೆ ನಾಲ್ಕೈದು ದಿನಕ್ಕೊಮ್ಮೆ ಬಂದಿದೆ. ಇದು ಆಡಳಿತದ ಸೋಲು, ಅದನ್ನು ಹೊಗಳುವ ಮಾತೇ ಇಲ್ಲ. ಆದರೆ ಆ ಕೊರತೆಯೊಳಗೇ ಹೆಂಗಸರು ಒಂದು ಪದ್ಧತಿ ಕಟ್ಟಿಕೊಂಡರು. ನೀರು ಬರುವ ದಿನ ಬೆಳಿಗ್ಗೆ ಪೀಪಾಯಿಯ ತಳದಲ್ಲಿ ಉಳಿದ ಹಳೆಯ ನೀರನ್ನು ಮೊದಲು ನೆಲಕ್ಕೆ, ಮೋರಿಗೆ, ಬಚ್ಚಲಿಗೆ ಹೊಯ್ಯುತ್ತಾರೆ. ಕಸಬರಿಗೆಯಿಂದ ಉಜ್ಜಿ ಅದನ್ನು ಹೊರಗೆ ತಳ್ಳುತ್ತಾರೆ. ಪೀಪಾಯಿ ಬರಿದಾಯಿತು, ಒಳಗೆ ಕೈಹಾಕಿ ತಿಕ್ಕಿದ್ದಾಯಿತು, ಅಷ್ಟರಲ್ಲಿ ನಲ್ಲಿ ಸದ್ದು ಮಾಡುತ್ತದೆ. ಚೆಲ್ಲಬೇಕಾದ ನೀರಿಗೆ ಒಂದು ಕೆಲಸ, ತೊಳೆಯಬೇಕಾದ ನೆಲಕ್ಕೆ ಒಂದು ದಿನ. ಈ ಜೋಡಣೆಯನ್ನು ಯಾವ ಪುಸ್ತಕವೂ ಹೇಳಿಕೊಟ್ಟದ್ದಲ್ಲ.

ಅಕ್ಕಲಕೋಟೆಯಲ್ಲಿ ಗುರುವಾರದ ಅವಸರವೂ ಸೇರುತ್ತದೆ. ಸ್ವಾಮಿ ಸಮರ್ಥರ ದರ್ಶನಕ್ಕೆಂದು ಅಂದು ಊರು ತುಂಬುತ್ತದೆ. ದರ್ಶನ ಮುಗಿಸಿದ ಬೀಗರು ಚಹಾಕ್ಕೆಂದು ಮನೆಗೂ ಬಂದಾರು. ಬೀಗರು ಹೊಸ್ತಿಲಲ್ಲಿದ್ದಾರೆಂದರೆ ಕಾಲುಗಂಟೆಯಲ್ಲಿ ಪಡಸಾಲೆ ಹೇಗೆ ಬದಲಾಗುತ್ತದೆಂಬುದು ಎಲ್ಲ ಮನೆಗೂ ಗೊತ್ತಿರುವ ಗುಟ್ಟು.

ಈ ಊರುಗಳ ನೆಲವನ್ನೂ ಒಮ್ಮೆ ನೋಡಬೇಕು. ಹಳೆಯ ಮನೆಗಳಲ್ಲಿ ಟೈಲ್ಸ್ ಕಡಿಮೆ, ಪಕ್ಕದ ಕಲಬುರಗಿ ಜಿಲ್ಲೆಯಿಂದ ಬಂದ ಶಹಾಬಾದಿ ಫರಸಿಯೇ ಹೆಚ್ಚು. ಬೂದು ಬಣ್ಣದ ಈ ಚಪ್ಪಡಿಗಳು ಬೇಸಿಗೆಗೆ ತಂಪು, ಗುಡಿಸುವವರಿಗೆ ಪರೀಕ್ಷೆ. ಎರಡು ಕಲ್ಲಿನ ನಡುವಿನ ಸಂದಿನಲ್ಲಿ ಸಿಮೆಂಟು ಸವೆದು ಗೀರು ಬಿದ್ದಿರುತ್ತದೆ. ಜೋಳದ ಹಿಟ್ಟು, ಸಾಸಿವೆ, ಕೂದಲು ಎಲ್ಲ ಅಲ್ಲೇ ಹೋಗಿ ಕೂರುತ್ತವೆ. ಪೇಟೆಯ ಮೆತ್ತನೆಯ ಪೊರಕೆ ಅದರ ಮೇಲೆ ತೇಲಿ ಹೋಗುತ್ತದೆ, ಈಚಲು ಗರಿಯ ಬಾರಿಗೆಯ ತುದಿ ಮಾತ್ರ ಸಂದಿಗಿಳಿಯುತ್ತದೆ. ಒರೆಸುವಾಗಲೂ ಒಂದೊಂದು ಫರಸಿ ಹಿಡಿದು ಹಿಂದೆ ಸರಿಯುತ್ತ ಬಂದರೆ ಕೆಲಸಕ್ಕೆ ತಾನಾಗಿಯೇ ಅಳತೆ ಸಿಗುತ್ತದೆ. ಮೈ ಸರಿಯಿಲ್ಲದ ದಿನ ಒಲೆಯ ಮುಂದಿನ ಆರು ಫರಸಿ ಸಾಕು, ಉಳಿದದ್ದು ನಾಳೆಗೆ. ಮನೆಯಿಡೀ ಮಾಡಬೇಕೆಂದು ಹೊರಟು ಏನೂ ಮಾಡದೆ ಕೂರುವವರು ಈ ಅಳತೆಯನ್ನು ಇಟ್ಟುಕೊಳ್ಳಬಹುದು.

ದೀಪ ಹಚ್ಚಿದ ಮೇಲೆ ಕಸ ಹೊಡೆಯಬಾರದು, ಲಕ್ಷ್ಮಿ ಹೋಗುತ್ತಾಳೆ ಎಂಬ ಮಾತನ್ನು ಈಗಿನವರು ಮೂಢನಂಬಿಕೆಯೆಂದು ತಳ್ಳುತ್ತಾರೆ. ಮಂದ ಬೆಳಕಿನಲ್ಲಿ ಮೂಗುತಿಯ ಹರಳು ಕಸದ ಜೊತೆ ಹೋದೀತೆಂದು ಹುಟ್ಟಿದ ರೂಢಿ ಎಂದು ತಿಳಿದವರು ಸಮಜಾಯಿಷಿ ಕೊಡುತ್ತಾರೆ. ಅದು ಹೇಗೇ ಇರಲಿ, ಆ ನಿಯಮದಿಂದ ಒಂದು ಉಪಕಾರವಾಗುತ್ತಿತ್ತು. ದಿನದ ಗುಡಿಸಾಟಕ್ಕೆ ಒಂದು ಕೊನೆಯಿತ್ತು. ನಸುಕಿನಲ್ಲಿ ಅಂಗಳಕ್ಕೆ ಥಳಿ ಹೊಡೆದು ರಂಗೋಲಿ ಹಾಕಿದರೆ ಶುರು, ದೀಪ ಹಚ್ಚಿದರೆ ಮುಗಿಯಿತು. ಟ್ಯೂಬ್‌ಲೈಟ್ ಬಂದು ರಾತ್ರಿ ಹನ್ನೊಂದಕ್ಕೂ ಅಡುಗೆಕಟ್ಟೆ ಉಜ್ಜುವ ಸ್ವಾತಂತ್ರ್ಯ ಸಿಕ್ಕಿತು. ಇಂಥ ಸ್ವಾತಂತ್ರ್ಯವನ್ನು ಬೇಡಿದವರು ಯಾರೋ!

ಇಷ್ಟೆಲ್ಲ ಪದ್ಧತಿಯಿದ್ದರೂ ಹಬ್ಬದ ಸ್ವಚ್ಛತೆಯ ಬಗ್ಗೆ ಒಂದು ತಕರಾರು ಇದೆ. ನವರಾತ್ರಿಯ ಘಟಸ್ಥಾಪನೆಗೆ ಮುಂಚೆ ಈ ಸೀಮೆಯ ಮನೆಗಳು ತಲೆಕೆಳಗಾಗುತ್ತವೆ. ಅಟ್ಟದ ಸಾಮಾನು ಕೆಳಗೆ, ಗೋಡೆಗೆ ಸುಣ್ಣ, ಹಾಸಿಗೆ ಹೊದಿಕೆ, ಕೌದಿ, ಚಾದರ ಎಲ್ಲ ಒಗೆಯಲು. ನೆನೆದ ಸೊಲ್ಲಾಪುರಿ ಚಾದರವನ್ನು ಒಬ್ಬರೇ ಹಿಂಡುವುದು ಆಗದ ಮಾತು. ಆ ತುದಿಗೊಬ್ಬರು ಈ ತುದಿಗೊಬ್ಬರು ನಿಂತು ತಿರುವಬೇಕು. ಅಂದು ಗಂಡಸರೂ ಕೈಹಚ್ಚುತ್ತಾರೆ, ಏಣಿ ಹತ್ತುತ್ತಾರೆ, ಸಂಜೆಗೆ ಸೊಂಟ ಹಿಡಿಯಿತೆಂದು ಎಲ್ಲರೆದುರು ಹೇಳಿಕೊಳ್ಳುತ್ತಾರೆ. ಇದೆಲ್ಲ ಚೆಂದವೇ. ಆದರೆ ವರ್ಷಕ್ಕೊಮ್ಮೆಯ ಈ ಸಂಭ್ರಮವನ್ನೇ ಸ್ವಚ್ಛತೆಯೆಂದು ತಿಳಿದ ಮನೆಯಲ್ಲಿ ಉಳಿದ ದಿನಗಳ ಗುಡಿಸುವಿಕೆ ಲೆಕ್ಕಕ್ಕೇ ಬರುವುದಿಲ್ಲ. ಮಾಡಿದ ಎರಡು ತಾಸಿಗೆ ಮತ್ತೆ ಕೊಳೆಯಾಗುವ ಕೆಲಸಕ್ಕೆ ಯಾರು ಸೈ ಅಂದಾರು? “ನವರಾತ್ರ್ಯಾಗ ಮಾಡೂಣ ಬಿಡ” ಎಂದು ಜೇಡರ ಬಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೂಗುವುದೂ ಇದೇ ಕಾರಣಕ್ಕೆ.

ರೂಢಿ ಹತ್ತಲು ಎಷ್ಟು ದಿನ ಬೇಕು? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಹನ್ನೆರಡು ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸರಾಸರಿ 66 ದಿನ. ಕೆಲವರಿಗೆ 18 ದಿನ ಸಾಕಾದರೆ ಕೆಲವರ ಲೆಕ್ಕ 254ರವರೆಗೆ ಹೋಯಿತು. ಅವರು ನೋಡಿದ್ದು ತಿನ್ನುವುದು, ಕುಡಿಯುವುದು, ವ್ಯಾಯಾಮದಂಥ ರೂಢಿಗಳನ್ನು. ಕಸ ಗುಡಿಸುವುದು ಅದರಲ್ಲಿ ಇರಲಿಲ್ಲ. ಆದರೂ ಎರಡು ಸಂಗತಿ ಇಲ್ಲಿಗೆ ಹೊಂದುತ್ತವೆ. ಪ್ರತಿ ರೂಢಿಯನ್ನೂ ದಿನದ ಒಂದು ಗೊತ್ತಾದ ಗಳಿಗೆಗೆ ಕಟ್ಟಿದ್ದರು, ಊಟವಾದ ಮೇಲೆ ಎಂಬಂತೆ. ನಡುವೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ. ಚಹಾದ ಪಾತ್ರೆ ಇಳಿಸಿದೊಡನೆ ಕಟ್ಟೆ ಒರೆಸುವುದು, ಗಾಡಿ ಬರುವ ಮುನ್ನ ಪಡಸಾಲೆ ಗುಡಿಸುವುದು ಇದೇ ಜಾತಿಯವು. ಒಂದು ದಿನ ತಪ್ಪಿತೆಂದು ಇಡೀ ವಾರ ಕೈಬಿಡುವುದು ಮಾತ್ರ ಶುದ್ಧ ಸೋಮಾರಿತನದ ನೆಪ.

ಇಲ್ಲಿಗೆ ಮಾತು ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾದೀತು. ಹುರುಪು ಹೋಯಿತೆಂದು ಹೇಳುವವರು ಯಾರು? ಹತ್ತರಲ್ಲಿ ಒಂಬತ್ತು ಸಲ ಮನೆಯ ಹೆಣ್ಣುಮಗಳು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಅಡುಗೆ, ಒಗೆತ, ಕಸಮುಸುರೆಯಂಥ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ದುಡಿಯುತ್ತಾರೆ. ಗಂಡಸರಲ್ಲಿ ಇಂಥ ಕೆಲಸಕ್ಕೆ ಕೈ ಹಾಕುವವರೇ ನೂರಕ್ಕೆ 27 ಮಂದಿ, ಅವರದೂ 88 ನಿಮಿಷ. 2019ರಲ್ಲಿ ಹೆಂಗಸರದು 299, ಗಂಡಸರದು 97 ಇತ್ತು. ಐದು ವರ್ಷದಲ್ಲಿ ಹೆಂಗಸರ ಹೊರೆ ಹತ್ತು ನಿಮಿಷ ಇಳಿಯಿತೆಂದು ಹಿಗ್ಗುವಷ್ಟರಲ್ಲಿ ಗಂಡಸರು ಒಂಬತ್ತು ನಿಮಿಷ ಜಾರಿಕೊಂಡಿದ್ದಾರೆ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಇಬ್ಬರೂ ದುಡಿಯುವ ಮನೆಗಳ ಒಟ್ಟು 60 ಮಂದಿ ಗಂಡ-ಹೆಂಡಿರನ್ನು ಅಭ್ಯಸಿಸಿದಾಗಲೂ, ಮನೆ ಅಸ್ತವ್ಯಸ್ತವೆಂದು ಹೇಳಿಕೊಂಡ ಹೆಂಡತಿಯರ ದೇಹದಲ್ಲಿ ಒತ್ತಡದ ಹಾರ್ಮೋನಿನ ಏರಿಳಿತ ಕೆಟ್ಟಿತ್ತು. ಗಂಡಂದಿರಲ್ಲಿ ಅಂಥದ್ದು ಅಷ್ಟಾಗಿ ಕಾಣಲಿಲ್ಲ.

ವಿಚಿತ್ರವೆಂದರೆ ಸೊಲ್ಲಾಪುರಕ್ಕೆ ಸರದಿಯ ಕೆಲಸ ಹೊಸದಲ್ಲ. 1877ರಲ್ಲಿ ಶುರುವಾದ ಹಳೆಯ ಗಿರಣಿಯಿಂದ ಹಿಡಿದು ಇಂದಿನ ಪವರ್‌ಲೂಮುಗಳವರೆಗೆ ಊರು ಬದುಕಿದ್ದೇ ಪಾಳಿಯ ಮೇಲೆ. ಗಿರಣಿಯ ಭೋಂಗಾ ಕೂಗಿತೆಂದರೆ ಒಬ್ಬ ಹೊರಗೆ, ಇನ್ನೊಬ್ಬ ಒಳಗೆ. ಪಾಳಿ ಮುಗಿಸಿದವನ ಕೆಲಸ ಮುಗಿಯಿತು. ಅವನ ಮನೆಯಲ್ಲಿ ಮಾತ್ರ ಒಂದೇ ಪಾಳಿ, ಅದಕ್ಕೆ ಬದಲಿ ಆಳಿಲ್ಲ.

ಗಂಡಸಿನ ಕೈಗೆ ಕಸಬರಿಗೆ ಒಗ್ಗದೆಂಬ ಮಾತಂತೂ ಈ ಜಿಲ್ಲೆಯಲ್ಲಿ ನಡೆಯದು. 1876ರಲ್ಲಿ ಅಮರಾವತಿ ಕಡೆ ಹುಟ್ಟಿ 1956ರಲ್ಲಿ ತೀರಿಕೊಂಡ ಗಾಡಗೆಬಾಬಾ, ಕೈಯಲ್ಲಿ ಬಾರಿಗೆ ಹಿಡಿದೇ ಊರೂರು ತಿರುಗಿದವರು. ಹೋದ ಊರನ್ನು ಹಗಲು ಗುಡಿಸಿ, ರಾತ್ರಿ ಕೀರ್ತನೆ ಮಾಡುತ್ತಿದ್ದರು. ಇದೇ ಜಿಲ್ಲೆಯ ಪಂಢರಪುರದಲ್ಲಿ ಯಾತ್ರಿಕರಿಗೆ ಧರ್ಮಶಾಲೆ ಕಟ್ಟಿಸಿದರು. ಅವರ ಹೆಸರಿನಲ್ಲಿ ಮಹಾರಾಷ್ಟ್ರ ಸರ್ಕಾರ 2000-01ರಿಂದ ಗ್ರಾಮ ಸ್ವಚ್ಛತಾ ಅಭಿಯಾನ ನಡೆಸಿ ಊರುಗಳಿಗೆ ಬಹುಮಾನ ಕೊಟ್ಟಿತು. ಆ ಹೆಸರಿನಲ್ಲಿ ಸರಪಂಚರೂ ಗುರುಗಳೂ ಬೀದಿಯಲ್ಲಿ ಬಾರಿಗೆ ಹಿಡಿದು ಫೋಟೊಕ್ಕೆ ನಿಲ್ಲುತ್ತಾರೆ. ಮನೆಗೆ ಬಂದು ಅದೇ ಬಾರಿಗೆ ಹಿಡಿಯುವವರು ಅಪರೂಪ. ಕನ್ನಡದ ಶರಣರ ಕುರಿತ ಮಾತೂ ಹೀಗೇ ಒಂದು ಕಡೆಗೆ ವಾಲಿದೆ. ಶಿವಭಕ್ತರ ಮನೆಯಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡ ಸತ್ಯಕ್ಕನನ್ನು ಭಾಷಣಗಳಲ್ಲಿ ಸೊಸೆಯಂದಿರಿಗೆ ತೋರಿಸುತ್ತಾರೆ. ಜನರನ್ನು ಕೂಡಿಸಿ ಇದೇ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ತೋಡಿಸಿದ ಸಿದ್ಧರಾಮನನ್ನು ಮಾವಂದಿರಿಗೆ ತೋರಿಸುವವರು ಕಡಿಮೆ. ಸಂಕ್ರಾಂತಿಯ ಗಡ್ಡಾ ಯಾತ್ರೆಯಲ್ಲಿ ಅವನ ನಂದಿಧ್ವಜವನ್ನು ಸರದಿಯಂತೆ ಹೊರುವ ಗಂಡಸರಿಗೆ, ಹೊರೆ ಹಂಚಿಕೊಳ್ಳುವುದನ್ನು ಕಲಿಸಿಕೊಡಬೇಕಾಗಿಯೇ ಇಲ್ಲ.

ಹಾಗಾಗಿ ಮನೆಯಲ್ಲಿ ಪಾಳಿ ಹಚ್ಚುವುದೇ ನೇರ ದಾರಿ. ನೀರಿನ ದಿನದ ಪೀಪಾಯಿ ಗಂಡನದು, ಗಾಡಿಯ ಕಸ ಮಗಳದು, ಸಂಜೆಯ ಪಡಸಾಲೆ ಕಾಲೇಜಿಗೆ ಹೋಗುವ ಮಗನದು. ಕ್ಯಾಲೆಂಡರಿನ ಮೇಲೆ ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಇದನ್ನೂ ಬರೆಯಬಹುದು. ಜಪಾನಿನ ಶಾಲೆಗಳಲ್ಲಿ ಹುಡುಗ ಹುಡುಗಿಯರೆನ್ನದೆ ಮಕ್ಕಳೇ ಸರದಿಯಲ್ಲಿ ತರಗತಿ ಗುಡಿಸಿ ಒರೆಸುತ್ತಾರೆ. ಅಲ್ಲಿ ಆಗುವುದು ಅಕ್ಕಲಕೋಟೆಯ ಪಡಸಾಲೆಯಲ್ಲಿ ಆಗದೆ ಇರಲಾರದು. ಒಂದು ತೊಡಕು ಮಾತ್ರ ಖಂಡಿತ ಬರುತ್ತದೆ. ಮೊದಲ ತಿಂಗಳು ಮಗ ಫರಸಿಯ ಸಂದು ಬಿಟ್ಟು ಗುಡಿಸುತ್ತಾನೆ, ಕಪಾಟಿನ ಕೆಳಗೆ ಬಗ್ಗುವುದಿಲ್ಲ. “ಏ, ಬಿಡಪಾ, ನಿನ್ನ ಕೈಲೆ ಆಗೂದಲ್ಲ” ಎಂದು ಅವ್ವ ಬಾರಿಗೆ ಕಸಿದುಕೊಂಡರೆ ಅಂದಿಗೆ ಪಾಳಿ ಮುರಿಯಿತು, ಅವನಿಗೂ ಅದೇ ಬೇಕಾಗಿತ್ತು. ಸಂದಿನಲ್ಲಿ ನಾಲ್ಕು ಸಾಸಿವೆ ಉಳಿಯಲಿ. ಬಾರಿಗೆ ಅವನ ಕೈಯಲ್ಲೇ ಇರಲಿ, ಈಚಲು ಗರಿಯದನ್ನೇ ಕೊಡಿ.